ರಿಪೋರ್ಟಿನ ಕೊನೆಯ ಎರಡು ಸಾಲು



ನಿಮ್ಮ ಮನೆಯಲ್ಲಿ ಒಂದಾದರೂ ಎಕ್ಸರೇ ಫೋಟೋ ಇರಬೇಕು. ಅದು ಈಗ ಎಲ್ಲಿದೆ, ಸ್ವಲ್ಪ ನೆನಪು ಮಾಡಿಕೊಳ್ಳಿರಿ. ಹಾಸಿಗೆಯ ಕೆಳಗೋ, ಟ್ರಂಕಿನ ಹಿಂದೋ, ಜಂತಿಯ ಸಂದಿಯಲ್ಲಿ ಸುರುಳಿ ಸುತ್ತಿಕೊಂಡೋ ಇದ್ದೀತು. ಸೂರ್ಯಗ್ರಹಣದ ದಿನ ಮಾತ್ರ ಹುಡುಗರಿಗೆ ಅದರ ನೆನಪಾಗುತ್ತದೆ. ಆ ಕೆಲಸವನ್ನಂತೂ ಮಾಡಗೊಡಬೇಡಿರಿ. ಎಕ್ಸರೇ ಫಿಲ್ಮಿನೊಳಗಿಂದ ಗ್ರಹಣ ನೋಡಿದರೆ ಕಣ್ಣಿಗೆ ಶಾಶ್ವತವಾದ ಅಪಾಯವಾಗಬಹುದು.

ಇಂದು ನಾನು ಮಾತನಾಡಬೇಕೆಂದಿರುವುದು ಈ ಫೋಟೋಗಳ ಬಗ್ಗೆ, ಅವುಗಳನ್ನು ಓದಿ ರಿಪೋರ್ಟು ಬರೆಯುವ ವೈದ್ಯರ ಬಗ್ಗೆ, ಮತ್ತು ಆ ರಿಪೋರ್ಟನ್ನು ಕೈಯಲ್ಲಿ ಹಿಡಿದುಕೊಂಡು ಎಸ್.ಟಿ. ಸ್ಟ್ಯಾಂಡಿನಲ್ಲಿ ಕುಳಿತುಕೊಳ್ಳುವ ನಮ್ಮ ನಿಮ್ಮಂಥವರ ಬಗ್ಗೆ. ನಾನು ಡಾಕ್ಟರನಲ್ಲ. ಮ್ಯಾಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಕಾರಕೂನನಾಗಿ ದುಡಿದು ನಿವೃತ್ತನಾದವನು. ಆದರೂ ಈ ವಿಷಯ ಮಾತನಾಡಲು ನನಗೊಂದು ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಈ ವಿದ್ಯೆ ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಜರ್ಮನಿಯ ವುರ್ತ್ಸ್‌ಬುರ್ಗ್ ಎಂಬ ಊರಿನಲ್ಲಿ ರೋಂಟ್ಗೆನ್ ಎಂಬ ಪ್ರಾಧ್ಯಾಪಕರಿದ್ದರು. 1895ರ ನವೆಂಬರ 8ರಂದು ಕತ್ತಲೆ ಕೋಣೆಯಲ್ಲಿ ಪ್ರಯೋಗ ಮಾಡುತ್ತಿದ್ದಾಗ ಕಣ್ಣಿಗೆ ಕಾಣದ ಒಂದು ಕಿರಣ ಅವರಿಗೆ ಸಿಕ್ಕಿತು. ಅದು ಏನೆಂದು ತಿಳಿಯದ್ದರಿಂದ, ಗಣಿತದಲ್ಲಿ ಗೊತ್ತಿಲ್ಲದ್ದಕ್ಕೆ ಎಕ್ಸ್ ಎನ್ನುವಂತೆ, ಅದಕ್ಕೂ ಎಕ್ಸ್ ಕಿರಣ ಎಂದರು. ಅದೇ ವರ್ಷ ಡಿಸೆಂಬರ 22ರಂದು ತಮ್ಮ ಹೆಂಡತಿಯ ಕೈಯ ಚಿತ್ರ ತೆಗೆದರು. ಎಲುಬು, ಬೆರಳಿನ ಉಂಗುರ ಎರಡೂ ಅದರಲ್ಲಿ ಮೂಡಿದ್ದವು. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ಅವರಿಗೇ ಬಂತು. ಈ ಶೋಧದ ಮೇಲೆ ಅವರು ಹಕ್ಕುಪತ್ರ ಮಾಡಿಸಿಕೊಳ್ಳಲಿಲ್ಲ. ಅದು ಎಲ್ಲರದೂ ಆಗಲಿ ಎಂದು ಬಿಟ್ಟರು. ಇಂದು ತಾಲೂಕಿನ ಊರಿನಲ್ಲಿಯೂ ನಮಗೆ ಎಕ್ಸರೇ ಸಿಗುತ್ತಿದ್ದರೆ ಅದರಲ್ಲಿ ಈ ದೊಡ್ಡ ಮನಸ್ಸಿನ ಪಾಲೂ ಇದೆ.

ಈಗ ಯಂತ್ರಗಳು ಮುಖ್ಯವಾಗಿ ನಾಲ್ಕು ಬಗೆಯವು. ಒಂದೊಂದರ ಗುಣ ಬೇರೆ.

ಎಕ್ಸರೇ ಎಂದರೆ ನೆರಳಿನ ಚಿತ್ರ. ಎಲುಬು ಕಿರಣವನ್ನು ತಡೆಯುತ್ತದೆ, ಆದ್ದರಿಂದ ಬೆಳ್ಳಗೆ ಕಾಣುತ್ತದೆ. ಗಾಳಿ ತಡೆಯುವುದಿಲ್ಲ, ಆದ್ದರಿಂದ ಪುಪ್ಪುಸ ಕಪ್ಪಗೆ ಕಾಣುತ್ತದೆ. ಕಪ್ಪಗಿರಬೇಕಾದ ಜಾಗದಲ್ಲಿ ಬಿಳಿ ಕಲೆ ಕಂಡರೆ ಅಲ್ಲಿ ಏನೋ ಇದೆ ಎಂದು ಅರ್ಥ. ಅದು ಕಫವೋ, ಕ್ಷಯವೋ, ಗಂಟೋ ಎಂಬುದನ್ನು ಮುಂದೆ ಶೋಧಿಸಬೇಕು.

ಸೋನೋಗ್ರಾಫಿಯಲ್ಲಿ ಕಿರಣವಿಲ್ಲ, ಇರುವುದು ದನಿ. ಬಾವಿಗೆ ಬಗ್ಗಿ ಕೂಗಿದರೆ ನಮ್ಮ ದನಿ ನಮಗೇ ಮರಳಿ ಕೇಳುತ್ತದಲ್ಲ, ಹಾಗೆ. ಆದರೆ ಈ ದನಿ ಮನುಷ್ಯನ ಕಿವಿಗೆ ಕೇಳುವಂಥದಲ್ಲ. ಒಂದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಕಂಪಿಸುವಂಥದು. ಹೊಟ್ಟೆಯ ಮೇಲೆ ತಣ್ಣಗಿನ ಅಂಟು ಹಚ್ಚುತ್ತಾರೆ. ಚರ್ಮಕ್ಕೂ ಯಂತ್ರಕ್ಕೂ ನಡುವೆ ಗಾಳಿ ಉಳಿದರೆ ದನಿ ಒಳಗೆ ಹೋಗುವುದಿಲ್ಲ, ಅದಕ್ಕೆ. ಗರ್ಭದಲ್ಲಿರುವ ಕೂಸು, ಪಿತ್ತಕೋಶದ ಹರಳು, ಮೂತ್ರಪಿಂಡದ ಹರಳು ಇವೆಲ್ಲ ಇದರಲ್ಲಿ ಕಾಣುತ್ತವೆ.

ಸಿ.ಟಿ. ಸ್ಕ್ಯಾನ್ ಎಂದರೆ ಎಕ್ಸರೇಯದೇ ಮುಂದಿನ ಹೆಜ್ಜೆ. ನಮ್ಮ ಕೊಲ್ಹಾಪುರದ ಬೆಲ್ಲದ ಪೆಂಟೆಯನ್ನು ಹೊರಗಿನಿಂದ ಎಷ್ಟು ತಿರುವಿ ನೋಡಿದರೂ ಒಳಗೆ ಕಸವಿದೆಯೋ ಇಲ್ಲವೋ ತಿಳಿಯದು. ತೆಳ್ಳಗೆ ಹೋಳು ಹೋಳು ಮಾಡಿದರೆ ತಿಳಿಯುತ್ತದೆ. ಸಿ.ಟಿ. ಯಂತ್ರ ಮೈಯನ್ನು ಕೊಯ್ಯದೆಯೇ ಅಂಥ ಹೋಳುಗಳ ಚಿತ್ರ ಕೊಡುತ್ತದೆ. ಲಂಡನ್ನಿನಲ್ಲಿ 1971ರಲ್ಲಿ ಮೊದಲ ಸಲ ಒಬ್ಬ ರೋಗಿಯ ತಲೆಯನ್ನು ಹೀಗೆ ನೋಡಿದರು. ಇದರ ಮೂಲಪುರುಷರಾದ ಹೌನ್ಸ್‌ಫೀಲ್ಡ್ ಮತ್ತು ಕೋರ್ಮ್ಯಾಕ್ ಎಂಬಿಬ್ಬರಿಗೆ 1979ರಲ್ಲಿ ನೊಬೆಲ್ ಬಂತು.

ಎಂ.ಆರ್.ಐ. ಎಂಬುದು ದೊಡ್ಡ ಚುಂಬಕ. ಇದರಲ್ಲಿ ಎಕ್ಸ್ ಕಿರಣ ಇಲ್ಲವೇ ಇಲ್ಲ. ನರ, ಬೆನ್ನುಹುರಿ, ಮೆದುಳು, ಮೊಣಕಾಲ ಕೀಲು ನೋಡಲು ಬಲು ಒಳ್ಳೆಯದು. ಒಳಗೆ ಮಲಗಿದರೆ ಹಿಟ್ಟಿನ ಗಿರಣಿಯಲ್ಲಿ ಕುಳಿತಂತೆ ಸಪ್ಪಳ ಬರುತ್ತದೆ, ಹೆದರಬಾರದು. ಆದರೆ ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಹಿಂದೆ ಆಪರೇಶನ್ನಿನಲ್ಲಿ ಸಳಿ, ಕ್ಲಿಪ್ಪು ಕೂಡಿಸಿಕೊಂಡವರು, ಕಣ್ಣಿಗೆ ಕಬ್ಬಿಣದ ಚೂರು ಸಿಡಿದವರು ಇದನ್ನು ಮೊದಲೇ ಹೇಳಬೇಕು. ಮೈಮೇಲಿನ ಬಂಗಾರ, ಪಿನ್ನು, ಕೀಲಿಕೈ ಎಲ್ಲ ಹೊರಗಿಡಬೇಕು.

ಇನ್ನು ಈ ಚಿತ್ರ ಓದುವವರು ಯಾರು? ಅವರನ್ನು ರೇಡಿಯಾಲಜಿಸ್ಟ್ ಎನ್ನುತ್ತಾರೆ. ಎಂ.ಬಿ.ಬಿ.ಎಸ್. ಆದ ಮೇಲೆ ಇದನ್ನೇ ಬೇರೆಯಾಗಿ ವರ್ಷಗಟ್ಟಲೆ ಓದಿದ ವೈದ್ಯರು. ಬಟನ್ ಒತ್ತಿ ಫೋಟೋ ತೆಗೆಯುವವರು ತಂತ್ರಜ್ಞರು, ಓದಿ ಬರೆಯುವವರು ರೇಡಿಯಾಲಜಿಸ್ಟರು. ಸೋನೋಗ್ರಾಫಿಯ ಹೊತ್ತಿನಲ್ಲಿ ಬಿಟ್ಟರೆ ಅವರ ಮುಖ ನಾವು ನೋಡುವುದು ಕಡಿಮೆ. ಅವರು ನಾಡಿ ಹಿಡಿಯುವುದಿಲ್ಲ, ಗುಳಿಗೆ ಬರೆಯುವುದಿಲ್ಲ. ಕತ್ತಲೆ ಕೋಣೆಯಲ್ಲಿ ಕುಳಿತು ನಮ್ಮ ಒಳಗನ್ನು ನೋಡಿ ಇನ್ನೊಬ್ಬ ಡಾಕ್ಟರರಿಗೆ ಪತ್ರ ಬರೆಯುತ್ತಾರೆ. ರಿಪೋರ್ಟ್ ಎಂದರೆ ಆ ಪತ್ರ. ನಾವು ಅದನ್ನು ಒಯ್ಯುವ ಪೋಸ್ಟಮನ್ನರು. ಪೋಸ್ಟಮನ್ ಪತ್ರವನ್ನು ಜಂತಿಗೆ ಸಿಕ್ಕಿಸಿ ಮಲಗಿದರೆ ಏನಾದೀತು?

ಈಗ ನನ್ನ ಕಾರಣ ಹೇಳುತ್ತೇನೆ.

ನನಗೊಬ್ಬ ತಮ್ಮನಿದ್ದ. ಇಚಲಕರಂಜಿಯಲ್ಲಿ ಪಾವರಲೂಮಿನ ಮೇಲೆ ಕೆಲಸ. ರಾತ್ರಿ ಪಾಳಿ, ಹತ್ತಿಯ ಧೂಳು, ಜೊತೆಗೆ ಬೀಡಿ. 2013ರ ದೀಪಾವಳಿಗೆ ಉತ್ತೂರಿಗೆ ಬಂದಾಗ ಕೆಮ್ಮು ಬಿಡದೆ ಹಿಡಿದಿತ್ತು. ಡಾಕ್ಟರರು ಗುಳಿಗೆ ಕೊಟ್ಟು ಎದೆಯ ಎಕ್ಸರೇ ತೆಗೆಸಿಕೊಂಡು ಬರಲು ಹೇಳಿದರು. ತೆಗೆಸಿದೆವು. ರಿಪೋರ್ಟು ಇಂಗ್ಲಿಷಿನಲ್ಲಿತ್ತು. ನಮ್ಮ ಮನೆಯಲ್ಲಿ ಮಾತು ಕನ್ನಡ, ಸಾಲೆ ಮರಾಠಿ, ಕಾಗದ ಪತ್ರ ಇಂಗ್ಲಿಷು. ಗಡಿಯಲ್ಲಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷ್ ಕಾಗದ ಬಂದರೆ ಮನೆಯವರೆಲ್ಲ ನನ್ನ ಕೈಗೇ ಕೊಡುತ್ತಿದ್ದರು. ಬ್ಯಾಂಕಿನವನಲ್ಲವೆ!

"ಅಣ್ಣಾ, ಅದ್ರಾಗ ಏನ ಬರದಾರ?" ಎಂದು ತಮ್ಮ ಕೇಳಿದ.

ನಾನು ಹೆಸರು ನೋಡಿದೆ, ವಯಸ್ಸು ನೋಡಿದೆ, ತಾರೀಖು ನೋಡಿದೆ. ಬ್ಯಾಂಕಿನ ರೂಢಿ. ಹೃದಯದ ಅಳತೆ ನಾರ್ಮಲ್, ಎಲುಬು ನಾರ್ಮಲ್ ಎಂದು ಎರಡು ಮೂರು ಕಡೆ ನಾರ್ಮಲ್ ಶಬ್ದ ಕಂಡಿತು. "ಏನಿಲ್ಲೋ, ಎಲ್ಲಾ ನಾರ್ಮಲ್ ಐತಿ" ಅಂದೆ. ಗುಳಿಗೆಯಿಂದ ಕೆಮ್ಮೂ ಇಳಿದಿತ್ತು. ಪಾಳಿ ತಪ್ಪಿದರೆ ಪಗಾರ ತಪ್ಪುತ್ತದೆ. ಡಾಕ್ಟರರಿಗೆ ತೋರಿಸದೆಯೇ ಅವನು ಇಚಲಕರಂಜಿಗೆ ಹೋದ. ಫೋಟೋ ಜಂತಿಗೆ ಹೋಯಿತು, ರಿಪೋರ್ಟು ಲೈಟಿನ ಬಿಲ್ಲುಗಳ ಜೊತೆ ಹೋಯಿತು.

ಹನ್ನೊಂದು ತಿಂಗಳ ಮೇಲೆ ಅವನ ದನಿ ಒಡೆಯಿತು, ಮೈ ಇಳಿಯಿತು. ಕೊಲ್ಹಾಪುರಕ್ಕೆ ಹೋಗಿ ಸಿ.ಟಿ. ಮಾಡಿಸಿದೆವು. ಅಲ್ಲಿಯ ರೇಡಿಯಾಲಜಿಸ್ಟರು "ಹಳೆಯ ಫೋಟೋ ಇದ್ದರೆ ತನ್ನಿರಿ" ಎಂದರು. ಮರುದಿನ ಜಂತಿಯಿಂದ ಇಳಿಸಿ, ಧೂಳು ಒರೆಸಿ ಒಯ್ದೆ. ಅವರು ಅದನ್ನು ದೀಪದ ಪೆಟ್ಟಿಗೆಯ ಮೇಲೆ ಹಚ್ಚಿ, ಆಮೇಲೆ ರಿಪೋರ್ಟು ಓದಿ, ಕೊನೆಯ ಎರಡು ಸಾಲಿನ ಮೇಲೆ ಬೆರಳು ಇಟ್ಟರು. ಬಲ ಪುಪ್ಪುಸದ ಮೇಲ್ಭಾಗದಲ್ಲಿ ಒಂದು ದುಂಡು ನೆರಳಿದೆ, ಸಿ.ಟಿ. ಮಾಡಿಸಿ ನೋಡುವುದು ಅವಶ್ಯ ಎಂದು ಅದರಲ್ಲಿತ್ತು. ಹನ್ನೊಂದು ತಿಂಗಳ ಹಿಂದೆ ಬರೆದದ್ದು. ಆಗ ಬಟಾಣಿಗಿಂತ ಸ್ವಲ್ಪ ದೊಡ್ಡದಿದ್ದ ಗಂಟು ಈಗ ನಿಂಬೆಹಣ್ಣಿನಷ್ಟಾಗಿತ್ತು.

"ಇದನ್ನು ಯಾರೂ ಓದಲಿಲ್ಲವೆ?" ಎಂದರು.

"ನಾನೇ ಓದಿದ್ದೆರಿ" ಎಂದೆ. ಬೇರೆ ಏನು ಹೇಳಲಿ?

ಆಗಲೇ ತೋರಿಸಿದ್ದರೆ ಬದುಕುತ್ತಿದ್ದನೋ ಇಲ್ಲವೋ, ಅವರೂ ಖಂಡಿತ ಹೇಳಲಿಲ್ಲ. ಆಪರೇಶನ್ನಿನ ಒಂದು ದಾರಿ ಇರುತ್ತಿತ್ತು, ಈಗ ಅದು ಇಲ್ಲ ಎಂದಷ್ಟೇ ಹೇಳಿದರು. ತಮ್ಮ 2015ರ ಮಳೆಗಾಲದಲ್ಲಿ ತೀರಿಕೊಂಡ. ಅದಕ್ಕೂ ಮೊದಲು ಒಂದು ದಿನ ನಾನು ಅವನ ಮುಂದೆ ಕುಳಿತು ನಡೆದದ್ದನ್ನೆಲ್ಲ ಹೇಳಿದೆ. "ಬಿಡೋ ಅಣ್ಣಾ, ಡಾಕ್ಟರ ಕಡೆ ಹೋಗೂದು ನನಗೂ ಬ್ಯಾಡಾಗಿತ್ತು" ಎಂದ. ಅದು ಅವನ ದೊಡ್ಡತನ. ಓದು ಬಲ್ಲವನು ನಾನು, ಲೆಕ್ಕ ನನ್ನ ಹೆಸರಿಗೇ ಇದೆ.

ಇದನ್ನು ಹೇಳಿದ್ದು ನಿಮ್ಮ ಕನಿಕರಕ್ಕೆ ಅಲ್ಲ. ನಿಮ್ಮ ಮನೆಯಲ್ಲಿಯೂ ಒಬ್ಬ ಓದು ಬಲ್ಲವನಿದ್ದಾನೆ. ಕಾಲೇಜಿಗೆ ಹೋಗುವ ಮೊಮ್ಮಗಳಿರಬಹುದು, ಪಟ್ಟಣದಲ್ಲಿರುವ ಅಳಿಯನಿರಬಹುದು. ಅವರು ಕೇಳಲಿ ಎಂದು ಹೇಳಿದ್ದು.

ರಿಪೋರ್ಟು ಓದುವ ಕ್ರಮ ಹೀಗಿದೆ. ಮೊದಲು ಹೆಸರು, ವಯಸ್ಸು, ತಾರೀಖು ನಮ್ಮವೇ ಹೌದೋ ನೋಡಿರಿ. ಆಮೇಲೆ ಎಡವೋ ಬಲವೋ ನೋಡಿರಿ. ಚಿತ್ರದಲ್ಲಿ ರೋಗಿ ನಮ್ಮ ಎದುರಿಗೆ ನಿಂತಂತೆ ಇರುತ್ತಾನೆ, ಆದ್ದರಿಂದ ಅವನ ಎಡ ನಮ್ಮ ಬಲಕ್ಕೆ ಬರುತ್ತದೆ. ನಂತರ ನೇರವಾಗಿ ಕೊನೆಗೆ ಹೋಗಿರಿ. ಅಲ್ಲಿ 'ಇಂಪ್ರೆಶನ್' ಅಥವಾ 'ಕನ್‌ಕ್ಲೂಜನ್' ಎಂದು ಇರುತ್ತದೆ. ಅದೇ ಪತ್ರದ ಜೀವ. ಮೇಲಿನದೆಲ್ಲ ಜಮಾ ಖರ್ಚಿನ ವಿವರ, ಕೆಳಗಿನದು ಉಳಿದ ಬಾಕಿ. ಪಾಸಬುಕ್ಕಿನಲ್ಲಿ ನೀವು ಮೊದಲು ಬಾಕಿಯನ್ನೇ ನೋಡುತ್ತೀರಲ್ಲವೆ?

ಕೆಲವು ಶಬ್ದ ತಿಳಿದುಕೊಳ್ಳಿರಿ. 'ನೆಗೆಟಿವ್' ಎಂದರೆ ಕೆಟ್ಟದ್ದು ಎಂದು ಹಲವರು ಅಂಜುತ್ತಾರೆ. ಹುಡುಕಿದ ರೋಗ ಸಿಗಲಿಲ್ಲ ಎಂದು ಅದರ ಅರ್ಥ. 'ಪಾಸಿಟಿವ್' ಎಂದರೆ ಸಿಕ್ಕಿದೆ ಎಂದು. 'ಅನ್‌ರಿಮಾರ್ಕೆಬಲ್' ಎಂದರೆ ಹೇಳುವಂಥ ದೋಷವೇನೂ ಇಲ್ಲ. 'ಬೆನೈನ್' ಎಂದರೆ ಕ್ಯಾನ್ಸರ ಅಲ್ಲದ್ದು, 'ಮ್ಯಾಲಿಗ್ನಂಟ್' ಎಂದರೆ ಕ್ಯಾನ್ಸರ. 'ಸಜೆಸ್ಟಿವ್' ಎಂದರೆ ಹೀಗಿರಬಹುದು ಎಂಬ ಸೂಚನೆ, ಖಾತ್ರಿಯಲ್ಲ. 'ಫಾಲೋ-ಅಪ್' ಎಂದರೆ ಮತ್ತೆ ಬಂದು ತೋರಿಸಿರಿ. 'ಅಡ್ವೈಸ್ಡ್' ಎಂದರೆ ಇದನ್ನು ಮಾಡಿಸಿರಿ. ಈ ಕೊನೆಯ ಎರಡು ಶಬ್ದ ಕಂಡರೆ ಎಷ್ಟೇ ಆರಾಮವೆನಿಸಿದರೂ ಡಾಕ್ಟರರ ಕಡೆ ಹೋಗಲೇಬೇಕು. 'ಕ್ಲಿನಿಕಲ್ ಕೋರಿಲೇಶನ್' ಎಂಬ ಮಾತೂ ಬರುತ್ತದೆ. ನಾನು ಚಿತ್ರವನ್ನಷ್ಟೇ ನೋಡಿದ್ದೇನೆ, ರೋಗಿಯನ್ನು ನೋಡುವವರು ಎರಡನ್ನೂ ಕೂಡಿಸಿ ತೀರ್ಮಾನ ಮಾಡಬೇಕು ಎಂದು ಅದರ ಅರ್ಥ. ಶಬ್ದ ತಿಳಿದ ಮಾತ್ರಕ್ಕೆ ನಾವೇ ಡಾಕ್ಟರರಾಗುವುದಿಲ್ಲ. ಪತ್ರ ಮುಟ್ಟಿಸುವುದು ನಮ್ಮ ಕೆಲಸ, ಉತ್ತರ ಕೊಡುವುದು ಅವರ ಕೆಲಸ.

ಕಾಗದ ಇಡುವುದನ್ನೂ ಕಲಿಯಬೇಕು. ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ದೊಡ್ಡ ಲಕೋಟೆ ಮಾಡಿರಿ. ಮೇಲೆ ಹೆಸರು, ಒಳಗೆ ತಾರೀಖಿನ ಪ್ರಕಾರ ಫೋಟೋ, ರಿಪೋರ್ಟು, ಔಷಧದ ಚೀಟಿ. ಫಿಲ್ಮನ್ನು ಮಡಿಸಬಾರದು, ಬಿಸಿಲಿಗೆ, ತೇವಕ್ಕೆ ಇಡಬಾರದು. ಈಗ ಹಲವು ಕಡೆ ಫಿಲ್ಮಿನ ಬದಲು ಸಿ.ಡಿ. ಕೊಡುತ್ತಾರೆ ಅಥವಾ ಮೊಬೈಲಿಗೆ ಕಳಿಸುತ್ತಾರೆ. ಮೊಬೈಲು ಕೆಟ್ಟರೆ ಅದೂ ಹೋಗುತ್ತದೆ, ಆದ್ದರಿಂದ ರಿಪೋರ್ಟಿನ ಕಾಗದದ ಪ್ರತಿಯೊಂದನ್ನು ಕೇಳಿ ಪಡೆಯಿರಿ. ಗಡಹಿಂಗ್ಲಜದಲ್ಲಿ ತೋರಿಸಿದವರು ಕೊಲ್ಹಾಪುರಕ್ಕೋ ಬೆಳಗಾವಿಗೋ ಹೋಗುವಾಗ ಆ ಲಕೋಟೆ ಕಂಕುಳಲ್ಲಿ ಇರಲಿ. ಹಳೆಯದನ್ನು ಹೊಸದರ ಜೊತೆ ಇಟ್ಟು ನೋಡಿದಾಗಲೇ ಕಲೆ ಬೆಳೆದಿದೆಯೋ, ಕರಗಿದೆಯೋ, ಹಳೆಯ ಗಾಯದ ಗುರುತೋ ತಿಳಿಯುತ್ತದೆ. ಎಷ್ಟೋ ಸಲ ಎರಡನೆಯ ಸಿ.ಟಿ.ಯ ಖರ್ಚೂ ಉಳಿಯುತ್ತದೆ.

ಹೋಗುವ ಮೊದಲು ಕೇಳಿಕೊಳ್ಳಬೇಕಾದ ಮಾತುಗಳಿವೆ. ಪಿತ್ತಕೋಶ ನೋಡಬೇಕಾದರೆ ಸಾಮಾನ್ಯವಾಗಿ ಆರು ತಾಸು ಉಪವಾಸ ಇರಬೇಕು. ಕೆಳಹೊಟ್ಟೆಯ ಸೋನೋಗ್ರಾಫಿಗೆ ನೀರು ಕುಡಿದು ಮೂತ್ರ ತಡೆದಿರಬೇಕು, ಏಕೆಂದರೆ ತುಂಬಿದ ಮೂತ್ರಕೋಶದ ಮೂಲಕ ದನಿ ಚೆನ್ನಾಗಿ ಸಾಗುತ್ತದೆ. ಸಿ.ಟಿ.ಗೆ ಕೆಲವೊಮ್ಮೆ ನರಕ್ಕೆ ಬಣ್ಣದ ಔಷಧ ಚುಚ್ಚುತ್ತಾರೆ. ಮೂತ್ರಪಿಂಡದ ತೊಂದರೆ ಇದ್ದರೆ, ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ, ಹಿಂದೆ ಯಾವುದಾದರೂ ಔಷಧದಿಂದ ಮೈ ಮೇಲೆ ಗಾದರಿ ಎದ್ದಿದ್ದರೆ ಮೊದಲೇ ಹೇಳಿರಿ. ಹೆಣ್ಣುಮಕ್ಕಳು ಗರ್ಭ ನಿಂತಿರುವ ಸಂಶಯವಿದ್ದರೂ ಎಕ್ಸರೇ, ಸಿ.ಟಿ.ಗೆ ಮೊದಲು ಹೇಳಬೇಕು. ಇದರಲ್ಲಿ ನಾಚಿಕೆ ಬೇಡ.

ಕಿರಣದ ಭಯವೂ ಬೇಡ, ಉಡಾಫೆಯೂ ಬೇಡ. ಮಣ್ಣಿನಿಂದ, ಕಲ್ಲಿನಿಂದ, ಆಕಾಶದಿಂದ ದಿನಾಲೂ ಸ್ವಲ್ಪ ವಿಕಿರಣ ನಮ್ಮ ಮೈಗೆ ತಾಗುತ್ತಲೇ ಇರುತ್ತದೆ. ಎದೆಯ ಒಂದು ಎಕ್ಸರೇ ಎಂದರೆ ಹಾಗೆ ತಾಗುವ ಸುಮಾರು 10 ದಿನಗಳಷ್ಟು. ಎದೆಯ ಸಿ.ಟಿ. ಎಂದರೆ ಸುಮಾರು 2 ವರ್ಷಗಳಷ್ಟು. ಆದ್ದರಿಂದ ಡಾಕ್ಟರರು ಬೇಕೆಂದರೆ ಹಿಂಜರಿಯಬಾರದು. ಆದರೆ "ತಲೆ ನೋಯುತ್ತದೆ, ಸಿ.ಟಿ. ಮಾಡಿಸಿಯೇ ಬಿಡೋಣ" ಎಂದು ನಾವಾಗಿ ಹಟ ಹಿಡಿಯಲೂಬಾರದು. ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಎಕ್ಸರೇ ಯಂತ್ರ ನಡೆಸುವವರು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಪಡೆದಿರಬೇಕೆಂದು ನಿಯಮವಿದೆ.

ಇನ್ನೊಂದು ಮಾತು ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. ಅದು ನಮ್ಮ ಜಿಲ್ಲೆಯದೇ ಮಾತು.

ಕೂಸಿನ ಕ್ಷೇಮ ನೋಡಲು ಬಂದ ಸೋನೋಗ್ರಾಫಿಯನ್ನು ಹೆಣ್ಣು ಕೂಸನ್ನು ಕಳೆಯಲು ಬಳಸಿದ ಪಾಪ ನಮ್ಮ ಕಡೆಗೂ ಅಂಟಿತು. 2001ರ ಜನಗಣತಿಯಲ್ಲಿ ಕೊಲ್ಹಾಪುರ ಜಿಲ್ಲೆಯಲ್ಲಿ ಆರು ವರ್ಷದ ಒಳಗಿನ 1000 ಗಂಡು ಮಕ್ಕಳಿಗೆ ಹೆಣ್ಣು ಮಕ್ಕಳು 839 ಮಾತ್ರ. ಅಂಬಾಬಾಯಿಯ ಊರು, ಶಾಹೂ ಮಹಾರಾಜರ ಊರು ಎಂದು ಹೆಮ್ಮೆಪಡುವ ಜಿಲ್ಲೆಯ ಲೆಕ್ಕ ಇದು. ಮಹಾರಾಷ್ಟ್ರ ಈ ಬಗ್ಗೆ 1988ರಲ್ಲಿಯೇ ಕಾನೂನು ಮಾಡಿದ ರಾಜ್ಯ. ದೇಶಕ್ಕೆಲ್ಲ ಅನ್ವಯಿಸುವ ಕಾನೂನು 1994ರಲ್ಲಿ ಆಯಿತು, 2003ರಿಂದ ಇನ್ನೂ ಬಿಗಿಯಾಯಿತು. ಆದರೂ ಲೆಕ್ಕ ಹೀಗಿತ್ತು.

ಆಮೇಲೆ ಲಕ್ಷ್ಮೀಕಾಂತ ದೇಶಮುಖ ಎಂಬುವವರು ಕೊಲ್ಹಾಪುರದ ಜಿಲ್ಲಾಧಿಕಾರಿಯಾಗಿದ್ದಾಗ ಸೋನೋಗ್ರಾಫಿ ಯಂತ್ರಗಳಿಗೆ 'ಸೈಲೆಂಟ್ ಆಬ್ಝರ್ವರ್' ಎಂಬ ಸಣ್ಣ ಉಪಕರಣ ಹಚ್ಚಿಸಿದರು. ಯಂತ್ರದಲ್ಲಿ ನೋಡಿದ್ದೆಲ್ಲ ಅದರಲ್ಲಿ ದಾಖಲಾಗಿ ಉಳಿಯುತ್ತಿತ್ತು. ಇವರು ಮರಾಠಿ ಲೇಖಕರೂ ಹೌದು, 2018ರಲ್ಲಿ ಬಡೋದೆಯ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು. ರೇಡಿಯಾಲಜಿಸ್ಟರ ಸಂಘ ಈ ಕ್ರಮ ಸರಿಯಲ್ಲವೆಂದು ಕೋರ್ಟಿಗೆ ಹೋಯಿತು. ರೋಗಿಯ ಗುಟ್ಟು ಹೊರಗೆ ಹೋದೀತು ಎಂಬುದು ಅವರ ಆತಂಕ, ಅದನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ 2011ರ ಆಗಸ್ಟಿನಲ್ಲಿ ಮುಂಬಯಿ ಹೈಕೋರ್ಟು ಜಿಲ್ಲಾಧಿಕಾರಿಗಳ ಕ್ರಮವನ್ನೇ ಎತ್ತಿಹಿಡಿಯಿತು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಂಖ್ಯೆ 863ಕ್ಕೆ ಏರಿತು. ಅದೇ ಹತ್ತು ವರ್ಷದಲ್ಲಿ ಇಡೀ ರಾಜ್ಯದ ಸಂಖ್ಯೆ 913ರಿಂದ 894ಕ್ಕೆ ಇಳಿದಿತ್ತು. ಏರಿದ್ದು ಸ್ವಲ್ಪ, ಸಾಲದು. ಆದರೂ ಏರಿತು.

ಕೂಸು ಗಂಡೋ ಹೆಣ್ಣೋ ಎಂದು ಹೇಳುವುದೂ ಅಪರಾಧ, ಕೇಳುವುದೂ ಅಪರಾಧ. ಕೇಳಿದ ಗಂಡ, ಅತ್ತೆ, ಮಾವಂದಿರಿಗೆ ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು, 50,000 ರೂಪಾಯಿಯವರೆಗೆ ದಂಡ. ಆ ಹೆಣ್ಣುಮಗಳನ್ನು ಮನೆಯವರೇ ಒತ್ತಾಯಿಸಿದ್ದಾರೆ ಎಂದೇ ಕಾನೂನು ತಿಳಿಯುತ್ತದೆ. ಗಡಿಯಾಚೆ ಸಂಕೇಶ್ವರಕ್ಕೋ ನಿಪ್ಪಾಣಿಗೋ ಹೋದರೆ ಕಾನೂನು ಬೇರೆ ಎಂದು ಯಾರಾದರೂ ತಿಳಿದಿದ್ದರೆ ಅದು ಭ್ರಮೆ. ಭಾಷೆ ಬದಲಾದೀತು, ಬಸ್ಸಿನ ಬಣ್ಣ ಬದಲಾದೀತು, ಈ ಕಾನೂನು ಎರಡೂ ಕಡೆಗೆ ಒಂದೇ.

ಹಾಗೆಂದು ಸೊಸೆಯನ್ನು ಸೋನೋಗ್ರಾಫಿಗೆ ಕಳಿಸದೆ ಇರುವುದೂ ತಪ್ಪು. ಐದನೆಯ ತಿಂಗಳ ಹೊತ್ತಿಗೆ ಮಾಡುವ ತಪಾಸಣೆಯಲ್ಲಿ ಕೂಸಿನ ಬೆಳವಣಿಗೆ, ಬೆನ್ನೆಲುಬು, ಹೃದಯ, ಮಾಸದ ಸ್ಥಾನ ತಿಳಿಯುತ್ತವೆ. ಮಾಸ ಕೆಳಗೆ ಇದ್ದರೆ ಹೆರಿಗೆಯಲ್ಲಿ ರಕ್ತ ಹೋಗುವ ಅಪಾಯ ಮೊದಲೇ ಗೊತ್ತಾಗಿ ದೊಡ್ಡ ದವಾಖಾನೆಗೆ ಹೋಗಬಹುದು. 2016ರಲ್ಲಿ ಆರಂಭವಾದ ಕೇಂದ್ರ ಸರಕಾರದ ಯೋಜನೆಯಂತೆ ಪ್ರತಿ ತಿಂಗಳ 9ನೆಯ ತಾರೀಖು ಸರಕಾರಿ ದವಾಖಾನೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಆಶಾ ತಾಯಿಯನ್ನು ಕೇಳಿದರೆ ಎಲ್ಲಿ, ಹೇಗೆ ಎಂದು ಹೇಳುತ್ತಾಳೆ.

ಶ್ರೋತೃಗಳೆ, ನನ್ನ ಮಾತು ಇಷ್ಟೆ. ಈ ಮಾತು ಮುಗಿದ ಮೇಲೆ ಎದ್ದು ಜಂತಿಯ ಮೇಲೆ, ಟ್ರಂಕಿನ ಹಿಂದೆ ಒಮ್ಮೆ ನೋಡಿರಿ. ಹಳೆಯ ರಿಪೋರ್ಟು ಸಿಕ್ಕರೆ ಬೆಳಕಿಗೆ ತಂದು ಕೊನೆಯ ಎರಡು ಸಾಲು ಓದಿರಿ. ಓದಲು ಬಾರದಿದ್ದರೆ ಓದು ಬಲ್ಲವರಿಂದ ಓದಿಸಿರಿ. ಓದಿದವರು "ಎಲ್ಲಾ ನಾರ್ಮಲ್ ಐತಿ" ಎಂದರೆ, "ಕಡೀಕ ಏನ ಬರದಾರ, ಅದನ್ನೂ ಓದ್ರಿ" ಎಂದು ಕೇಳಿರಿ. ನನ್ನನ್ನು ಆ ದಿನ ಯಾರೂ ಹಾಗೆ ಕೇಳಲಿಲ್ಲ. ನೀವು ಕೇಳಿರಿ.